ದ್ಯಾಮವ್ವನ ತಿಳಿ ಸೀಸೆ

ನಮ್ಮೂರಿನಲ್ಲಿ ಹೊತ್ತು ಹುಟ್ಟುವುದರೊಳಗೆ ಪ್ರತಿಯೊಬ್ಬರ ಸೀಸೆಯೂ ಅವರವರ ಬಾಗಿಲ ಕಟ್ಟೆಯ ಮೇಲೆ ಇರಬೇಕು. ಎದ್ದ ಕೂಡಲೇ ಹೊಯ್ದ ಉಚ್ಚೆ, ಬಿಳಿ ಗಾಜಿನ ಸೀಸೆಯಲ್ಲಿ, ಕೊರಳಿಗೆ ಹೆಸರಿನ ಚೀಟಿ ಕಟ್ಟಿ. ನಾನು ಬಣ್ಣದ ಕಾರ್ಡು ಹಿಡಿದು ಓಣಿ ಓಣಿ ತಿರುಗುತ್ತೇನೆ. ಕಾರ್ಡಿನಲ್ಲಿ ಐದು ಬಣ್ಣ: ತಿಳಿ, ನಿಂಬೆ, ಕಡಲೆ, ಬೆಲ್ಲ, ಚಹಾ. ಚಹಾದವರು ಊರಿನ ಹಿರಿಯರು. ಬೆಲ್ಲದವರು ಮರ್ಯಾದಸ್ಥರು. ಕಡಲೆಯವರನ್ನು ಯಾರೂ ಹೊಗಳುವುದಿಲ್ಲ, ಬೈಯುವುದೂ ಇಲ್ಲ. ನಿಂಬೆಗೆ ಬೈಗುಳ. ತಿಳಿ ಕಂಡರೆ ಆ ಮನೆಯ ಬಾಗಿಲಿಗೆ ನಾನು ಸುಣ್ಣದ ಗೆರೆ ಎಳೆಯಬೇಕು. ಅಲ್ಲಿ ಪಾಲಿಗಿಂತ ಹೆಚ್ಚು ಕುಡಿದ ನೀರುಗಳ್ಳರಿದ್ದಾರೆ ಎಂದು ಅದರ ಅರ್ಥ.

ಹೆಣ್ಣು ನೋಡಲು ಬಂದವರು ಮೊದಲು ಕಟ್ಟೆ ನೋಡುತ್ತಾರೆ, ಆಮೇಲೆ ಹುಡುಗಿಯನ್ನು. ಕಿಡ್ನಿಯಲ್ಲಿ ಕಲ್ಲಾಗಿ ಬಿದ್ದರೆ ಅದನ್ನು ಚಾವಡಿಯ ಗಾಜಿನ ಕಪಾಟಿನಲ್ಲಿ ಹತ್ತಿಯ ಮೇಲಿಟ್ಟು ಹೆಸರು ಬರೆಯುತ್ತಾರೆ. ಅಂದಾನೆಪ್ಪ ಸಾವಕಾರರ ತಂದೆಯ ಕಲ್ಲು ಹುಣಸೆಬೀಜದಷ್ಟಿದೆ. ಶಾಲೆಯ ಮಕ್ಕಳನ್ನು ಸಾಲಾಗಿ ಕರೆತಂದು ತೋರಿಸುತ್ತಾರೆ.

ಮೇಲಿನ ಓಣಿಯ ಸೀಸೆಗಳನ್ನು ನಾನು ಮುಟ್ಟುವಂತಿರಲಿಲ್ಲ. ಮೆಟ್ಟಿಲ ಕೆಳಗೆ ನಿಂತು, ಕಾರ್ಡನ್ನು ಕೈಚಾಚಿ ಹಿಡಿದು, ದೂರದಿಂದಲೇ ಹೋಲಿಸಿ ಮುಂದೆ ಹೋಗಬೇಕು. ಮುಟ್ಟಿದರೆ ಮೈಲಿಗೆ. ನನಗಲ್ಲ, ಅವರ ಉಚ್ಚೆಗೆ. ಅಲ್ಲಿ ಎಲ್ಲವೂ ಚಹಾ ಬಣ್ಣ. ಚಳಿಗಾಲದಲ್ಲಿ ಕೆಲವು ಸೀಸೆಗಳಿಂದ ಹಬೆ ಏಳುತ್ತಿತ್ತು, ಶುಂಠಿಯ ವಾಸನೆಯೂ ಬರುತ್ತಿತ್ತು. ವಾಸನೆ ನೋಡುವುದು ನನ್ನ ಕೆಲಸವಾಗಿರಲಿಲ್ಲ.

ಕೆಳಗಿನ ಓಣಿಯವರಲ್ಲಿ ಕಾರ್ಡು ಸಿಕ್ಕ ಮೊದಲಿಗಳು ನಾನು, ಹುಲಿಗೆವ್ವ. ಹದಿನಾಲ್ಕು ವರ್ಷ ನನ್ನ ಸೀಸೆ ಬೆಲ್ಲಕ್ಕಿಂತ ಕೆಳಗೆ ಇಳಿದಿಲ್ಲ. ಬೇಸಿಗೆಯಲ್ಲಿ ಕಣ್ಣು ಕತ್ತಲೆ ಬಂದು ಗೋಡೆ ಹಿಡಿದುಕೊಂಡು ನಡೆದಿದ್ದೇನೆ, ಆದರೆ ಇಳಿದಿಲ್ಲ. ಅದನ್ನು ಆಗ ನಾನು ಸ್ವಾಭಿಮಾನ ಎಂದು ಕರೆಯುತ್ತಿದ್ದೆ.

ನನ್ನ ಜೊತೆ ಇರುವವಳು ತಂಗಿ ದ್ಯಾಮವ್ವ. ಗಂಡ ಬಿಟ್ಟ ಮೇಲೆ ನನ್ನಲ್ಲಿಗೇ ಬಂದಳು. ಊರಿನ ನೀರಿನ ಟಾಕಿಯೊಳಗೆ ಇಳಿದು ಪಾಚಿ ಉಜ್ಜುವುದು ಅವಳ ಕೆಲಸ. ಟಾಕಿಯ ಪೈಪು ಮೇಲಿನ ಓಣಿಯ ಅಡಿಗೆಮನೆಗಳಿಗೆ ನೇರವಾಗಿ ಹೋಗುತ್ತದೆ. ನಮ್ಮ ಓಣಿಗೆ ಒಂದು ನಳ, ದಿನಕ್ಕೆ ಅರ್ಧ ತಾಸು, ಮನೆಗೆ ಎರಡು ಕೊಡ. ಅವರು ಕುಡಿಯುವ ನೀರನ್ನು ನಾವು ಮುಟ್ಟಬಾರದು, ಆ ನೀರು ನಿಲ್ಲುವ ಟಾಕಿಯೊಳಗೆ ಮಾತ್ರ ಮೊಣಕಾಲುದ್ದ ನಿಲ್ಲಬಹುದು. ಒಮ್ಮೆ ಉಜ್ಜಿ ಬಂದವಳು ರೊಟ್ಟಿ ಮುರಿಯುತ್ತ ಹೇಳಿದ್ದಳು, ಟಾಕಿ ಖಾಲಿ ಮಾಡಲು ಮೂರು ದಿನ ಹಿಡಿಯುತ್ತದೆ, ಉಜ್ಜಲು ಖಾಲಿ ಮಾಡುವಾಗ ಬಿಟ್ಟರೆ ಅದು ಅರ್ಧಕ್ಕೆ ಇಳಿದದ್ದನ್ನು ತಾನು ಒಂದು ಸಲವೂ ಕಂಡಿಲ್ಲ ಎಂದು. ಹೊರಗೆ ಎಲ್ಲೂ ಬಾಯಿಬಿಡಬೇಡ ಎಂದು ಗದರಿಸಿದ್ದೆ.

ಈ ಸಲ ಉಜ್ಜುವಾಗ ಒಳಗಿನ ಕಬ್ಬಿಣದ ಏಣಿಯಿಂದ ಜಾರಿ ಬಿದ್ದಳು. ತಲೆಗೆ ಒಂಬತ್ತು ಹೊಲಿಗೆ ಬಿದ್ದವು. ಮೇಲಿನ ಓಣಿಯವರಿಗೆ ರಕ್ತ ಬೆರೆತ ನೀರು ಹೋಗಬಾರದೆಂದು ಮತ್ತೆ ಟಾಕಿ ತೊಳೆಸಿದರು. ಎರಡು ದಿನಕ್ಕೆ ಅವಳು ಎದ್ದು ಕೂತಳು, ಗಂಜಿ ಕುಡಿದಳು, ನಕ್ಕಳು. ಬದುಕಿದಳು ಅಂದುಕೊಂಡೆ. ಮೂರನೆಯ ದಿನದಿಂದ ಬಾಯಾರಿಕೆ ಶುರುವಾಯಿತು.

ಬಾಯಾರಿಕೆ ಅಂದರೆ ನಾವು ತಿಳಿದ ಬಾಯಾರಿಕೆ ಅಲ್ಲ. ಒಂದು ಕೊಡ ಅವಳೊಬ್ಬಳಿಗೇ ಬೇಕು. ಕುಡಿದು ಚೊಂಬು ಕೆಳಗಿಡುವಷ್ಟರಲ್ಲಿ ಎದ್ದು ಹಿತ್ತಲಿಗೆ ಓಡುತ್ತಾಳೆ, ಬಂದು ಮತ್ತೆ ಕೊಡಕ್ಕೆ ಕೈ ಹಾಕುತ್ತಾಳೆ. ನೀರು ತೀರಿದ ಮೇಲೆ ಅಕ್ಕಿ ತೊಳೆದ ನೀರು ಕುಡಿದಳು. ಪಕ್ಕದ ಮನೆಯ ಎಮ್ಮೆಯ ಬಾನಿಗೆ ಬಾಯಿ ಹಾಕಿದ್ದನ್ನು ಓಣಿಯೆಲ್ಲ ನೋಡಿತು. ನಾನು ಚೊಂಬು ಕಸಿದುಕೊಂಡು, ಟಾಕಿಯೊಳಗೆ ನಿಂತೂ ನಿಂತೂ ನಿನಗೆ ಸಾವಕಾರ್ತಿಯ ಚಾಳಿ ಬಂದಿದೆ ಎಂದು ಬೈದೆ. ಅವಳು ಅಳಲಿಲ್ಲ. ನಾಲಿಗೆ ಒಣಗಿ ಅಂಟಿಕೊಂಡಂತೆ ಮಾತಾಡಿದಳು.

“ಅಕ್ಕಾ, ನಾ ಕುಡಿಯಾಕತ್ತಿಲ್ಲ. ಅದು ನನ್ನೊಳಗಿಂದ ಹಾದು ಹೋಗಾಕತ್ತೈತಿ.”

ಎರಡು ವಾರಕ್ಕೂ ಹೆಚ್ಚು ಕಾಲ ಅವಳ ಸೀಸೆ ದಿನಾ ನಿಂಬೆಯಾಗಿತ್ತು. ಆಮೇಲೆ ಒಂದು ದಿನ ತಿಳಿ. ಅದರ ಮರುದಿನವೂ ತಿಳಿ. ಮೊದಲ ತಿಳಿಯನ್ನು ನಾನು ನಿಂಬೆ ಎಂದು ಕೂಗಿ ದಾಟಿಸಿದೆ. ಎರಡನೆಯ ದಿನ ಓಣಿಯವರೇ ಸುತ್ತ ನಿಂತಿದ್ದರು. ಇಕಿಗೆ ಒಂದು ನ್ಯಾಯ, ನಮಗೆ ಒಂದು ನ್ಯಾಯ ಏನವ್ವಾ ಎಂದು ಒಬ್ಬಳು ಕೇಳಿದಳು. ನನಗೆ ಓಣಿಯವರ ಮಾತಿಗಿಂತ ಚಾವಡಿಯವರ ಮಾತಿನ ಭಯ ಹೆಚ್ಚಿತ್ತು. ನೋಡಿದಿರಾ, ಇವರಿಗೆ ಕಾರ್ಡು ಕೊಟ್ಟದ್ದೇ ತಪ್ಪು ಎಂದು ಅವರು ಅನ್ನಬಾರದು. ನಾನು ಸುಣ್ಣದ ಬಟ್ಟಲು ತಂದು ನನ್ನ ಮನೆಯ ಬಾಗಿಲಿಗೆ ನಾನೇ ಗೆರೆ ಎಳೆದೆ. ಗೆರೆ ನೆಟ್ಟಗಿತ್ತು. ಅಂಥ ನೆಟ್ಟನೆಯ ಗೆರೆ ನಾನು ಬೇರೆ ಯಾರ ಮನೆಗೂ ಎಳೆದಿಲ್ಲ.

ಗೆರೆ ಬಿದ್ದವರು ಒಣಕೋಣೆಗೆ ಹೋಗಬೇಕು. ಚಾವಡಿಯ ಹಿಂದೆ ತಗಡಿನ ಸೂರಿನ ಒಂದು ಕೋಣೆ, ಒಂದು ಗೂಡಿನಂಥ ಕಿಟಕಿ. ಒಳಗೆ ಹೋದವರಿಗೆ ನೀರಿಲ್ಲ. ಹೊಯ್ದದ್ದನ್ನು ಸೀಸೆಗೆ ಹಿಡಿದು ಕಿಟಕಿಯಲ್ಲಿಡಬೇಕು. ಬಣ್ಣ ಬೆಲ್ಲಕ್ಕೆ ಬಂದ ಮೇಲೆ ಬಿಡುಗಡೆ. ಸಾಮಾನ್ಯವಾಗಿ ಸಂಜೆಯೊಳಗೆ ಬಂದುಬಿಡುತ್ತದೆ. ಎಂಥ ಕಳ್ಳನ ಮೈಯಾದರೂ ನೀರು ನಿಂತ ಮೇಲೆ ಬಿಗಿಹಿಡಿಯುತ್ತದೆ ಎಂದು ನಮ್ಮೂರಿಗೆ ಗೊತ್ತು. ಬೀಗದ ಕೈ ನನ್ನ ಸೊಂಟದಲ್ಲೇ ಇರುತ್ತದೆ. ಅದೂ ನನ್ನ ಕೆಲಸವೇ.

ಬೆಳಿಗ್ಗೆ ಏಳಕ್ಕೆ ಅವಳನ್ನು ಒಳಗೆ ಬಿಟ್ಟೆ. ಅಷ್ಟರಲ್ಲಿ ಸರಕಾರಿ ದವಾಖಾನೆಯ ನರ್ಸು ಖಾದರಬಿ ಸಿಸ್ಟರ್ ತೂಕದ ಯಂತ್ರ ಕಂಕುಳಲ್ಲಿಟ್ಟುಕೊಂಡು ಓಡಿಬಂದರು. ಒಳಗೆ ಹೋಗುವ ಮೊದಲೇ ತೂಗಬೇಕಿತ್ತು ಎಂದು ನನ್ನ ಮೇಲೆ ರೇಗಿ, ಬಾಗಿಲು ತೆಗೆಸಿ ತೂಗಿದರು. ನಲವತ್ತೆಂಟು ಕಿಲೋ. ಹತ್ತು ಗಂಟೆಯೊಳಗೆ ಕಿಟಕಿಯಲ್ಲಿ ನಾಲ್ಕು ಸೀಸೆ ಸಾಲಾಗಿ ನಿಂತವು. ನಾಲ್ಕೂ ತಿಳಿ. ಹನ್ನೆರಡಕ್ಕೆ ಎಂಟು. ಎಂಟೂ ತಿಳಿ, ಬಿಸಿಲು ಅವುಗಳನ್ನು ದಾಟಿ ಗೋಡೆಯ ಮೇಲೆ ಬೆಳಕಿನ ಚುಕ್ಕೆಗಳಾಗಿ ಕುಣಿಯುತ್ತಿತ್ತು. ಸಿಸ್ಟರ್ ಮತ್ತೆ ತೂಗಿದರು. ನಲವತ್ತಾರು.

ಚಾವಡಿಯ ಮುಖ್ಯಸ್ಥರು ಅಂದಾನೆಪ್ಪ ಸಾವಕಾರರು. ಅವರು ಬಂದು ಸೀಸೆಗಳನ್ನು ಎಣಿಸಿ, ಇದಕ್ಕೆ ನೀರು ಎಲ್ಲಿಂದ ಬರುತ್ತಿದೆ ಎಂದು ನನ್ನನ್ನು ನೋಡಿದರು. ಹೆಂಗಸರನ್ನು ಕರೆಸಿ ನನ್ನ ಸೆರಗು ಹಿಂಡಿಸಿದರು. ಒಂದು ಹನಿಯೂ ಬೀಳಲಿಲ್ಲ. ತಲೆಗೂದಲು ಹಿಂಡಿ ನೋಡಿ ಎಂದರು. ಅದೂ ಒಣಗಿತ್ತು. ಒಳಗಿನಿಂದ ದ್ಯಾಮವ್ವನ ದನಿ ಬರುವುದು ನಿಂತಿತ್ತು. ಕಿಟಕಿಗೆ ಸೀಸೆ ಇಡುವ ಕೈ ಮಾತ್ರ ಬಂದು ಹೋಗುತ್ತಿತ್ತು, ಅದರ ಚರ್ಮ ಚಿವುಟಿದರೆ ಚಿವುಟಿದ ಹಾಗೇ ನಿಲ್ಲುತ್ತಿತ್ತು. ಇಷ್ಟು ವರ್ಷ ಈ ಕೋಣೆಯ ಬೀಗ ಹಾಕಿದ್ದೇನೆ, ಬಣ್ಣ ಬರದೆ ಹೋಗಬಹುದು ಎಂದು ನನಗೆ ಹೊಳೆದೇ ಇರಲಿಲ್ಲ. ಬಣ್ಣ ಬರದಿದ್ದರೆ ಬಾಗಿಲು ತೆಗೆಯಬೇಕೆಂದು ನೇಮದಲ್ಲಿ ಎಲ್ಲೂ ಇಲ್ಲ.

ಸಿಸ್ಟರ್‌ಗೆ ಹದಿನೈದು ದಿನದಿಂದ ಅನುಮಾನವಿತ್ತಂತೆ. ಸಕ್ಕರೆ ಕಾಯಿಲೆಯೇನೋ ಎಂದು ಮೊದಲು ಪರೀಕ್ಷೆ ಮಾಡಿದ್ದರು, ಸಕ್ಕರೆ ಇರಲಿಲ್ಲ. ದೊಡ್ಡ ಊರಿನ ಡಾಕ್ಟರಿಗೆ ಬರೆದಿದ್ದರು. ಆ ಡಾಕ್ಟರು ಐಸ್ ಡಬ್ಬಿಯಲ್ಲಿ ಹೆಬ್ಬೆರಳಿನಷ್ಟು ಔಷಧದ ಬಾಟಲಿಯನ್ನು ಬಸ್ಸಿನಲ್ಲಿ ಕಳಿಸಿ, ಕೊಡುವ ಮೊದಲು ರೋಗಿಗೆ ಕೆಲವು ತಾಸು ನೀರು ನಿಲ್ಲಿಸಿ, ಕಣ್ಣೆದುರೇ ಕೂರಿಸಿಕೊಂಡು, ತೂಕ ನೋಡುತ್ತ ಪರೀಕ್ಷಿಸು ಎಂದು ಹೇಳಿದ್ದರು. ಜೀವಕ್ಕೆ ಅಪಾಯವಾದೀತೆಂದು ಸಿಸ್ಟರ್ ಹಿಂಜರಿದಿದ್ದರು. ನಮ್ಮೂರು ಹಿಂಜರಿಯಲಿಲ್ಲ.

“ದೊಡ್ಡ ಆಸ್ಪತ್ರ್ಯಾಗ ಇದಕ್ಕ ಪರೀಕ್ಷೆ ಅಂತಾರ್ರಿ ಸಾವಕಾರ್ರ,” ಎಂದರು ಸಿಸ್ಟರ್. “ನೀವು ಶಿಕ್ಷೆ ಅಂತೀರಿ. ಪರೀಕ್ಷೆ ಮುಗದೈತಿ. ಇಕಿ ಕಳ್ಳಿ ಅಲ್ಲ.”

ಆಮೇಲೆ ಕಟ್ಟೆಯ ಮೇಲೆ ಕೂತು ನಿಧಾನವಾಗಿ ಬಿಡಿಸಿ ಹೇಳಿದರು. ಮೆದುಳಿನ ಬುಡದಲ್ಲಿ ಕಡಲೆಕಾಳಿನಷ್ಟು ಒಂದು ಗ್ರಂಥಿ ಇದೆ. ರಕ್ತದಲ್ಲಿ ನೀರು ಕಡಿಮೆಯಾದ ಕೂಡಲೇ ಅಲ್ಲಿಂದ ಒಂದು ಹಾರ್ಮೋನು ಹೊರಡುತ್ತದೆ. ಅದು ರಕ್ತದಲ್ಲಿ ಹರಿದು ಕಿಡ್ನಿಗೆ ಹೋಗಿ, ನೀರು ಬಿಡಬೇಡ, ಒಳಗೆಳೆದುಕೋ ಎನ್ನುತ್ತದೆ. ಕಿಡ್ನಿ ಸೋಸಿದ ನೀರನ್ನು ತಿರುಗಿ ರಕ್ತಕ್ಕೆ ಕೊಡುತ್ತದೆ, ಉಳಿದದ್ದು ಬಣ್ಣಗಟ್ಟಿ ಹೊರಗೆ ಬರುತ್ತದೆ. ನೀವು ಮರ್ಯಾದೆ ಅನ್ನುವ ಬಣ್ಣ ಅಷ್ಟೇ. ಟಾಕಿಯೊಳಗೆ ಬಿದ್ದ ಪೆಟ್ಟಿಗೆ ಇವಳ ಗ್ರಂಥಿಯ ಹತ್ತಿರ ಏನೋ ಹರಿದಿದೆ. ಹಾರ್ಮೋನು ಹೊರಡುತ್ತಿಲ್ಲ. ಕಿಡ್ನಿ ಗಟ್ಟಿಮುಟ್ಟಾಗಿದೆ, ಆದರೆ ತಡೆ ಅನ್ನುವ ಮಾತು ಅದಕ್ಕೆ ತಲುಪುತ್ತಿಲ್ಲ. ಬಂದದ್ದನ್ನೆಲ್ಲ ಬಿಡುತ್ತದೆ. ಕುಡಿಯದಿದ್ದರೆ ಮೈಯದನ್ನೇ ಬಿಡುತ್ತದೆ.

“ಅಂದ್ರ ಇಕಿ ಕಿಡ್ನಿಗೆ ಹೇಳೋರು ಕೇಳೋರು ಇಲ್ಲದಂಗ ಆಗೈತಿ ಅನ್ನು,” ಎಂದರು ಸಾವಕಾರರು.

“ಹೌದ್ರಿ. ಈ ಔಷಧ ಅಂದ್ರ ಆ ಹಾರ್ಮೋನಿನ ತಮ್ಮ ಇದ್ದಂಗ. ಮೂಗಿಗೆ ಹನಿ ಹಾಕಿದ್ರ ಹೋಗಿ ಅದ ಮಾತು ಹೇಳ್ತೈತಿ. ಆದ್ರ ಇದನ್ನ ಹಾಕ್ಕೊಂಡವ್ರು ಅಳತಿ ಮೀರಿ ಕುಡಿಬಾರ್ದು. ಒಳಗ ಹೋದದ್ದು ಹೊರಗ ಬರಂಗಿಲ್ಲ.”

ಸಾವಕಾರರು ಬಾಟಲಿಯನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಔಷಧ ಹಾಕಲು ಅಡ್ಡಿಯಿಲ್ಲ, ಆದರೆ ಬೆಲ್ಲ ಬಂದ ಮೇಲೆಯೇ ಬಾಗಿಲು ಎಂದರು. ಮೂರು ಗಂಟೆಗೆ ಹನಿ ಹಾಕಿದರು. ಆಗ ತೂಕ ನಲವತ್ತೈದಕ್ಕೂ ಕಡಿಮೆ. ನಾಲ್ಕೂವರೆಯವರೆಗೆ ಕಿಟಕಿಗೆ ಸೀಸೆ ಬರಲಿಲ್ಲ. ನಾನು ಬಾಗಿಲಿಗೆ ಕಿವಿ ಹಚ್ಚಿ ಕೂತಿದ್ದೆ. ಉಸಿರು ಕೇಳುತ್ತಿತ್ತು, ಇಲ್ಲವೇ ನನ್ನದೇ ಉಸಿರು ಇದ್ದೀತು. ಐದಕ್ಕೆ ಒಂದು ಸೀಸೆ ಬಂತು, ತಳದಲ್ಲಿ ನಾಲ್ಕು ಬೆರಳು. ಕಾರ್ಡು ಹಿಡಿದೆ. ಕಡಲೆ. ಹೊತ್ತು ಮುಳುಗುವ ಮುಂಚೆ ಇನ್ನೊಂದು. ಬೆಲ್ಲ.

ಹೊರಗೆ ತಂದು ಅವಳ ಬಾಯಿಗೆ ಲೋಟ ಹಿಡಿದೆ. ಸಣ್ಣ ಸಣ್ಣ ಗುಟುಕಾಗಿ ಒಂದು ಲೋಟ ಕುಡಿದಳು. ಎರಡನೆಯ ಲೋಟದ ಅರ್ಧಕ್ಕೆ ಕೈ ಅಡ್ಡ ಹಿಡಿದಳು.

“ಸಾಕು ಅಕ್ಕಾ,” ಎಂದಳು.

ಮೂರು ವಾರದಿಂದ ಆ ಮಾತು ಅವಳ ಬಾಯಲ್ಲಿ ಬಂದಿರಲಿಲ್ಲ. ನಾನು ಲೋಟ ಹಿಡಿದುಕೊಂಡೇ ಕೂತುಬಿಟ್ಟೆ. ಒಣಕೋಣೆ ಕೆಲಸ ಮಾಡಿತು, ಎಂಥವರನ್ನೂ ಅದು ತಿದ್ದುತ್ತದೆ ಎಂದು ಚಾವಡಿಯವರು ಮಾತಾಡಿಕೊಂಡು ಮನೆಗೆ ಹೋದರು.

ಔಷಧವನ್ನು ತಣ್ಣಗಿಡಬೇಕು. ದವಾಖಾನೆಯ ಫ್ರಿಜ್ಜು ಕೆಟ್ಟು ಎರಡು ವರ್ಷ. ಊರಿನಲ್ಲಿ ಫ್ರಿಜ್ಜು ಇದ್ದದ್ದು ಮೇಲಿನ ಓಣಿಯಲ್ಲಿ. ಸಾವಕಾರರು ತಾವಾಗಿಯೇ, ನನ್ನ ಮನೆಯಲ್ಲಿಡಿ, ಬಡವರಿಗೆ ಅಷ್ಟೂ ಮಾಡದಿದ್ದರೆ ಹೇಗೆ ಎಂದರು. ದಿನಾ ಬೆಳಿಗ್ಗೆ ದ್ಯಾಮವ್ವ ಅವರ ಹಿತ್ತಲ ಬಾಗಿಲಲ್ಲಿ ಮುಖ ಮೇಲೆತ್ತಿ ನಿಲ್ಲುವುದು, ಮನೆಯ ಆಳು ತಾಗದ ಹಾಗೆ ಮೇಲಿನಿಂದ ಹನಿ ಬಿಡುವುದು. ಎರಡು ಹನಿಯಲ್ಲಿ ಒಂದು ಮೂಗಿಗೆ ಬೀಳುತ್ತಿತ್ತು. ಅಷ್ಟಕ್ಕೇ ಅವಳ ಸೀಸೆ ಬೆಲ್ಲದಲ್ಲಿ ನಿಂತಿತು. ಟಾಕಿಯ ಕೆಲಸಕ್ಕೂ ಹೋಗತೊಡಗಿದಳು.

ಹತ್ತು ದಿನ ಹೀಗೆ ನಡೆಯಿತು. ಅಷ್ಟರಲ್ಲಿ ಚಾವಡಿಯ ಮುಖ್ಯಸ್ಥರನ್ನು ಆರಿಸುವ ದಿನ ಬಂತು. ಅದು ಮೂರು ವರ್ಷಕ್ಕೊಮ್ಮೆ. ಆ ದಿನ ಮಾತ್ರ ಕಟ್ಟೆಯ ಸೀಸೆ ನಡೆಯುವುದಿಲ್ಲ. ನಿಂತವರು ಎಲ್ಲರೆದುರು ಧೋತರದ ಮರೆಗೆ ಹೋಗಿ ಖಾಲಿ ಸೀಸೆ ತುಂಬಿಸಿ ತರಬೇಕು. ಹಿಂದಿನ ಸಲಗಳಲ್ಲಿ ಸಾವಕಾರರು ಎರಡು ದಿನ ಮುಂಚಿನಿಂದ ತುಟಿ ಒಡೆಸಿಕೊಂಡು ಕೂಡುತ್ತಿದ್ದರು. ಈ ಸಲ ಎರಡು ದಿನವೂ ಎಳನೀರು, ಮಜ್ಜಿಗೆ, ಲಿಂಬು ಶರಬತ್ತು ಎಂದು ಬಾಯಿಗೆ ಬಂದಷ್ಟು ಕುಡಿದರಂತೆ. ಸಿಸ್ಟರ್ ಹೇಳಿದ್ದರಲ್ಲಿ ಮೊದಲರ್ಧ ಅವರಿಗೆ ಚೆನ್ನಾಗಿ ನೆನಪಿತ್ತು.

ಆರಿಸುವ ದಿನ ಬೆಳಿಗ್ಗೆ ದ್ಯಾಮವ್ವ ಹಿತ್ತಲ ಬಾಗಿಲಿಗೆ ಹೋದಾಗ ಆಳು ಖಾಲಿ ಬಾಟಲಿ ತೋರಿಸಿದ. ತೀರಿತು ಎಂದನಂತೆ. ಅದು ತಿಂಗಳಿಗೆ ಆಗುವ ಔಷಧ.

ಹತ್ತು ಗಂಟೆಗೆ ಸಾವಕಾರರು ಮರೆಗೆ ಹೋಗಿ ಬಂದರು. ಸೀಸೆಯ ಬಣ್ಣ ಚಹಾ, ಅದೂ ಹಾಲು ಹಾಕದ ಚಹಾ. ಜನ ಚಪ್ಪಾಳೆ ತಟ್ಟಿದರು. ಭಾಷಣಕ್ಕೆ ಎದ್ದು ನಿಂತು, ಮೂರು ತಲೆಮಾರಿನಿಂದ ನಮ್ಮ ಮನೆತನ ಎಂದು ಶುರುಮಾಡಿ, ತಲೆಮಾರು ಎಂಬಲ್ಲಿಗೆ ನಿಲ್ಲಿಸಿದರು. ಹೆಂಡತಿಯನ್ನು ನೋಡಿ ಯವ್ವಾ ಎಂದು ಕರೆದರು. ತಲೆ ಹಿಡಿದುಕೊಂಡರು. ಆಮೇಲೆ ವೇದಿಕೆಯ ಮೇಲೇ ವಾಂತಿ ಮಾಡಿಕೊಂಡು ಕುಸಿದರು. ಬಿಸಿಲಿಗೆ ಹೀಗಾಗಿದೆ, ನೀರು ತನ್ನಿ, ನೀರು ತನ್ನಿ ಎಂದು ಮೇಲಿನ ಓಣಿಯವರು ಬಿಂದಿಗೆ ಬಿಂದಿಗೆ ಹೊತ್ತುತಂದರು.

ಖಾದರಬಿ ಸಿಸ್ಟರ್ ಓಡಿಬಂದು ಬಿಂದಿಗೆ ಒದ್ದರು. ನೀರು ವೇದಿಕೆಯ ಮೇಲೆ ಹರಿಯಿತು. ನಮ್ಮೂರಿನಲ್ಲಿ ಯಾರೂ ನೀರು ಒದ್ದದ್ದನ್ನು ನಾನು ನೋಡಿರಲಿಲ್ಲ. ಒಂದು ಗುಟುಕು ಕೊಟ್ಟರೂ ಇವರು ಸಾಯುತ್ತಾರೆ, ರಕ್ತವೆಲ್ಲ ನೀರಾಗಿ ಉಪ್ಪು ಇಳಿದುಹೋಗಿದೆ, ಮೆದುಳು ಊದಿಕೊಳ್ಳುತ್ತಿದೆ, ಔಷಧದ ಜೋರು ಇಳಿಯುವವರೆಗೆ ನೀರು ಮುಟ್ಟಿಸಬಾರದು ಎಂದರು. ದೊಡ್ಡ ಊರಿನಿಂದ ಆಂಬುಲೆನ್ಸು ಬರುವುದು ಮರುದಿನ. ಅಲ್ಲಿಯವರೆಗೆ ಇವರನ್ನು ನೀರಿಲ್ಲದ ಕಡೆ ಇಡಬೇಕು, ಮನೆಗೆ ಕಳಿಸಿದರೆ ಮನೆಯವರೇ ಪ್ರೀತಿಗೆ ಕುಡಿಸಿಬಿಡುತ್ತಾರೆ ಎಂದರು. ಊರಿನಲ್ಲಿ ನೀರಿಲ್ಲದ ಕಡೆ ಎಂದರೆ ಒಂದೇ. ನಾನು ಸೊಂಟದಿಂದ ಬೀಗದ ಕೈ ತೆಗೆದೆ.

ಸಿಸ್ಟರ್ ಅವರ ಪಕ್ಕದಲ್ಲೇ ಕೂತರು. ಉಪ್ಪು ಹಾಕಿದ ಗಂಜಿಯನ್ನು ಚಮಚೆಯಲ್ಲಿ ಕೊಟ್ಟರು. ನಸುಕಿನ ಹೊತ್ತಿಗೆ ಔಷಧ ಇಳಿದು ಕಿಡ್ನಿ ಬಿಡತೊಡಗಿತಂತೆ. ಒಂದಾದ ಮೇಲೊಂದು ಸೀಸೆ ಕಿಟಕಿಗೆ ಬಂದವು. ಹೊತ್ತು ಹುಟ್ಟಿದಾಗ ನಾನು ಕಾರ್ಡು ಹಿಡಿದು ಹೋದೆ. ಅದಕ್ಕೂ ಮುಂಚೆ ನನ್ನ ಮನೆಯ ಕಟ್ಟೆ ನೋಡಿ ಬಂದಿದ್ದೆ. ಔಷಧವಿಲ್ಲದೆ ದ್ಯಾಮವ್ವನ ಸೀಸೆ ಮತ್ತೆ ತಿಳಿಯಾಗಿತ್ತು, ಕೊಡ ಬರಿದಾಗಿತ್ತು, ಅವಳು ಖಾಲಿ ಕೊಡದ ಪಕ್ಕ ಕೂತು ನಳದ ಕಡೆ ನೋಡುತ್ತಿದ್ದಳು. ನೇಮದ ಪ್ರಕಾರ ಅವಳನ್ನು ಏಳಕ್ಕೆ ಒಣಕೋಣೆಗೆ ತರಬೇಕು. ಔಷಧವಿಲ್ಲದೆ ಇನ್ನೊಂದು ಸಲ ಒಳಗೆ ಹೋದರೆ ಅವಳು ಹೊರಗೆ ಬರುವುದಿಲ್ಲ.

ಕಿಟಕಿಯಲ್ಲಿದ್ದದ್ದು ಸಾವಕಾರರ ಆರು ಸೀಸೆ. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಅವರ ಸೀಸೆಯನ್ನು ಕೈಯಿಂದ ಎತ್ತಿ ಬೆಳಕಿಗೆ ಹಿಡಿದೆ. ತಿಳಿ. ಸಾವಕಾರರಿಗೆ ತಲೆ ನೆಟ್ಟಗಾಗಿತ್ತು. ಕಿಟಕಿಗೆ ಮುಖ ತಂದು ಮೆಲ್ಲಗೆ ಕರೆದರು.

“ಹುಲಿಗೆವ್ವಾ, ಚಾ ಐತೇನು?”

“ಕುಡಿಯಾಕೇನ್ರಿ?”

“ಅಲ್ಲ.”

ನಾನು ಸುಣ್ಣದ ಬಟ್ಟಲು ಹಿಡಿದು ಮೇಲಿನ ಓಣಿಗೆ ನಡೆದೆ. ಸಾವಕಾರರ ಮನೆಯ ಮೆಟ್ಟಿಲು ಹತ್ತಿದೆ. ಏಳು ಮೆಟ್ಟಿಲು, ಕೆಳಗಿನಿಂದ ನೋಡಿದಾಗ ಒಂಬತ್ತು ಅನ್ನಿಸುತ್ತಿತ್ತು. ಬಾಗಿಲಿಗೆ ಕೈ ಎತ್ತುವಷ್ಟರಲ್ಲಿ ಚಾವಡಿಯವರೆಲ್ಲ ಓಡಿಬಂದರು. ಇದು ಕಳ್ಳತನವಲ್ಲ ಹುಲಿಗೆವ್ವ, ಕಾಯಿಲೆ ಎಂದರು. ಕಾಯಿಲೆಗೆ ಗೆರೆ ಎಳೆಯುವುದು ಧರ್ಮವಲ್ಲ ಎಂದರು. ಹನ್ನೊಂದು ದಿನದ ಹಿಂದೆ ಖಾದರಬಿ ಸಿಸ್ಟರ್ ಹೇಳಿದ್ದೆಲ್ಲ ಅವರಿಗೆ ಒಮ್ಮೆಗೇ ಅರ್ಥವಾಗಿತ್ತು. ಗ್ರಂಥಿ, ಹಾರ್ಮೋನು, ಕಿಡ್ನಿ ಎಂದು ಒಬ್ಬರ ಬಾಯಿಂದ ಒಬ್ಬರು ಕಸಿದುಕೊಂಡು ನನಗೇ ವಿವರಿಸಿದರು.

“ಹಂಗಾದ್ರ ಬರದ ಹಾಕ್ರಿ,” ಎಂದೆ. “ಹೆಸರು ಹಾಕಬ್ಯಾಡ್ರಿ. ಎಲ್ಲಾರಿಗೂ ಆಗಂಗ ಬರೀರಿ.”

ಸುಣ್ಣದಲ್ಲಿ ಅದ್ದಿದ ಬೆರಳು ಬಾಗಿಲಿನಿಂದ ಒಂದು ಗೇಣು ದೂರದಲ್ಲಿತ್ತು. ನಾನು ಅದನ್ನು ಇಳಿಸಲಿಲ್ಲ. ಅವರು ಅಲ್ಲೇ ಮೆಟ್ಟಿಲ ಮೇಲೆ ಕೂತು ಬರೆದರು. ತಿಳಿ ಸೀಸೆ ಕಾಯಿಲೆಯಿಂದಲೂ ಬರಬಹುದು, ಕಾಯಿಲೆಯವರಿಗೆ ಬೇಕಾದಷ್ಟು ನೀರು ಕೊಡತಕ್ಕದ್ದು, ಕಾಯಿಲೆ ಹೌದೋ ಅಲ್ಲವೋ ಎಂಬುದನ್ನು ಕಾರ್ಡು ಹಿಡಿದವರು ನೋಡಿ ಹೇಳತಕ್ಕದ್ದು. ಚಾವಡಿಯ ಹಲಗೆಗೆ ಅದನ್ನು ಅಂಟಿಸಿದ ಮೇಲೆ ಬೆರಳು ಸೆರಗಿಗೆ ಒರೆಸಿಕೊಂಡೆ. ಆ ಕಾಗದವನ್ನೇ ಬಿಚ್ಚಿ ತಂದು ನಳದವನಿಗೆ ತೋರಿಸಿ, ದ್ಯಾಮವ್ವನಿಗೆ ಮೂರು ಕೊಡ ತುಂಬಿಸಿದೆ. ಅವಳು ನಳದ ಕೆಳಗೇ ಬಾಯಿ ಒಡ್ಡಿ ಕುಡಿದಳು. ಓಣಿಯವರು ನೋಡದವರ ಹಾಗೆ ಮುಖ ತಿರುಗಿಸಿಕೊಂಡರು, ಆದರೆ ಎಲ್ಲರೂ ನೋಡುತ್ತಿದ್ದರು.

ಹೊಸ ಔಷಧ ಬರಲು ಇಪ್ಪತ್ತು ದಿನ ಎಂದು ಸಿಸ್ಟರ್ ಹೇಳಿದರು. ಅಂದು ಸಂಜೆ ದ್ಯಾಮವ್ವ ಟಾಕಿಯ ಹತ್ತಿರ ಹೋಗಿ ಬಂದಳು. ನಮ್ಮ ಓಣಿಯ ಪೈಪಿಗೂ ಅಲ್ಲೊಂದು ವಾಲ್ವು ಇದೆ, ಅದನ್ನು ಯಾವ ಕಡೆ ತಿರುಗಿಸಬೇಕೆಂದು ಊರಿನಲ್ಲಿ ಅವಳಿಗಿಂತ ಚೆನ್ನಾಗಿ ತಿಳಿದವರಿಲ್ಲ. ನಳ ಅರ್ಧ ತಾಸಿಗೆ ನಿಲ್ಲಲಿಲ್ಲ.

ಮರುದಿನ ಬೆಳಿಗ್ಗೆ ನಮ್ಮ ಓಣಿಯ ಕಟ್ಟೆಗಳ ಮೇಲೆ ಎಲ್ಲ ಸೀಸೆಗಳೂ ತಿಳಿಯಾಗಿದ್ದವು. ನಾನು ಮನೆಮನೆಗೂ ನಿಂತು, ಎತ್ತಿ ನೋಡಿ, ಕಾಯಿಲೆ ಎಂದು ಕೂಗಿದೆ. ಎರಡನೆಯ ಮನೆ, ಕಾಯಿಲೆ. ಮೂರನೆಯ ಮನೆ, ಮೊನ್ನೆ ನನ್ನನ್ನು ನ್ಯಾಯ ಕೇಳಿದವಳದು, ಕಾಯಿಲೆ. ಖಾದರಬಿ ಸಿಸ್ಟರ್ ತೂಕದ ಯಂತ್ರ ಹಿಡಿದು ಬಂದು, ಇದು ಅಂಟುವ ರೋಗ ಅಲ್ಲವಲ್ಲ ಎಂದು ಹುಬ್ಬು ಗಂಟಿಕ್ಕಿದರು. ನಮ್ಮೂರಿನಲ್ಲಿ ಅಂಟುತ್ತದೆ ಎಂದೆ.

ಕೊನೆಗೆ ನನ್ನ ಮನೆಯ ಕಟ್ಟೆಗೆ ಬಂದೆ. ಎರಡು ಸೀಸೆ ಇದ್ದವು. ಒಂದು ದ್ಯಾಮವ್ವನದು. ಇನ್ನೊಂದನ್ನು ಎತ್ತಿ ಬೆಳಕಿಗೆ ಹಿಡಿದೆ. ಅದರ ಹಿಂದೆ ಹಿಡಿದ ಕಾರ್ಡಿನ ಐದು ಬಣ್ಣಗಳೂ ಬೇರೆ ಬೇರೆಯಾಗಿ, ಸ್ಪಷ್ಟವಾಗಿ ಕಾಣುತ್ತಿದ್ದವು. ಕೊರಳಿನ ಚೀಟಿಯಲ್ಲಿ ಹುಲಿಗೆವ್ವ ಎಂದು ಬರೆದಿತ್ತು.